ಓಡುವ ತೊಟ್ಟಿಲು

“ಇದು ಬರೇ ತೊಟ್ಟಿಲಲ್ಲ, ಕೂಸಿನ ಬಾಡಿಗಾರ್ಡ್!” ಎಂದು ಗುರುಪಾದಪ್ಪ ಮಾಸ್ತರರು ಎದೆಯುಬ್ಬಿಸಿದರು.

ಗದಗಿನಲ್ಲಿ ಅವರ ಪಕ್ಕದ ಮನೆ ನಮ್ಮದು. ಅವರು ಯಂತ್ರ ಕಂಡುಹಿಡಿದಾಗಲೆಲ್ಲ ಮೊದಲು ಒಡೆಯುವುದು ನಮ್ಮ ಹೆಂಚು. ಮಗಳು ಹೆತ್ತಾಗಿನಿಂದ ಶೆಡ್ಡಿನಲ್ಲೇ ಬಡಿಯುತ್ತ ಕೂತಿದ್ದ ಮನುಷ್ಯ ಮೊಮ್ಮಗನನ್ನು ಇನ್ನೂ ಎತ್ತಿಕೊಂಡಿರಲಿಲ್ಲ. ನಾಮಕರಣದ ದಿನ ತೊಡೆಯ ಮೇಲೆ ಮಲಗಿಸಿಕೊಳ್ಳಬೇಕೆಂಬುದೇ ಅವರ ಆಸೆ.

ನಾಲ್ಕು ಗಾಲಿಯ ಆ ತೊಟ್ಟಿಲು ಹತ್ತಿರ ಬಂದವರ ಉಸಿರು ಮೂಸುತ್ತದಂತೆ. ನಾಯಿಕೆಮ್ಮಿನ ಲಸಿಕೆಯ ಬಲ ಮೈಯಲ್ಲಿ ಉಳಿದಿರದಿದ್ದರೆ ಕೂಸಿನ ಸಮೇತ ದೂರ ಸರಿಯುತ್ತದಂತೆ.

“ಲಸಿಕಿ ಸಣ್ಣ ಹುಡುಗರಿಗಲ್ಲೇನ್ರಿ?” ಎಂದೆ.

“ಸಣ್ಣಾಂವಿದ್ದಾಗ ಹಾಕಿಸಿದ್ದು ಕಡೀತನಕಾ ಇರ್ತದೇನ್ರಿ? ಕೂಸಿಗೆ ಕೆಮ್ಮು ಹತ್ತಬಾರದಂದ್ರ ದೊಡ್ಡವರೂ ಹಾಕಿಸ್ಕೋಬೇಕು!”

ನಾಮಕರಣದ ದಿನ ಕೂಸಿನ ಸೋದರತ್ತೆ ಸುಗಲಾ ಉಡುಗೊರೆಯ ಹೊಸ ಇಳಕಲ್ ಸೀರೆ ಸರಿಪಡಿಸಿಕೊಂಡು ಕೂಸಿನ ಕಿವಿಯಲ್ಲಿ ಹೆಸರು ಹೇಳಲು ಬಾಗಿದಳು. ಪದ್ಧತಿಯಂತೆ ಅವಳ ಬೆನ್ನಿಗೆ ಗುದ್ದಲು ನಾವು ಹೆಂಗಸರು ಮುಷ್ಟಿ ಎತ್ತಿದೆವು. ಅವಳು “ಕುರ್ರ್...” ಎನ್ನುವಷ್ಟರಲ್ಲಿ ತೊಟ್ಟಿಲು “ಲಸಿಕೆ ಬಾಕಿ! ಲಸಿಕೆ ಬಾಕಿ!” ಎಂದು ಕೂಗುತ್ತ ಪಡಸಾಲೆಗೆ ಓಡಿತು! ನಮ್ಮ ಗುದ್ದುಗಳು ಮಾತ್ರ ಗುರಿ ತಪ್ಪಲಿಲ್ಲ. ಸುಗಲಾ ಖಾಲಿ ನೆಲದ ಮೇಲೆ ಬೋರಲು ಬಿದ್ದಳು.

“ಬೀಗರನ್ನ ಕರಿಸಿ ಅಪಮಾನ ಮಾಡ್ತೀರೇನು?” ಎಂದು ಗುಡುಗಿದಳು.

ಅವಳ ಗಂಡ ಹೋದ, ಬಾಕಿ! ಮಂತ್ರ ಹೇಳಲು ಬಂದ ಅಯ್ಯನವರು ಹೋದರು, ಬಾಕಿ! ನಾನು ಹೋದಾಗಲಂತೂ ಎರಡು ಓಣಿಗೆ ಕೇಳುವಂತೆ ಕೂಗಿತು. ಕೊನೆಗೆ ಹಿತ್ತಲಿಗೆ ಹೋಗಿ ಮಾಸ್ತರರ ನಾಯಿಯ ಪಕ್ಕ ನೆಮ್ಮದಿಯಾಗಿ ನಿಂತಿತು. ಆ ಮನೆಯಲ್ಲಿ ವರ್ಷಾವರ್ಷ ತಪ್ಪದೆ ಸೂಜಿ ಹಾಕಿಸಿಕೊಂಡದ್ದು ಅದೊಂದೇ. ಕೂಸು ಗಾಢ ನಿದ್ದೆಯಲ್ಲಿತ್ತು.

“ಬಂದ್ ಮಾಡ್ರಿ ಮಾಸ್ತರ!” ಎಂದೆ.

“ಬಟನ್ ತಳದಾಗ ಐತ್ರಿ...” ಎನ್ನುತ್ತ ಅವರೂ ಹತ್ತಿರ ಹೋದರು.

“ಲಸಿಕೆ ಬಾಕಿ!” ಎಂದು ತೊಟ್ಟಿಲು ನುಗ್ಗೆಮರದ ಹಿಂದೆ ಅಡಗಿತು.

ನಾವೆಲ್ಲ ಅವರತ್ತ ತಿರುಗಿದೆವು.

“ನನಗ ಸೂಜಿ ಅಂದ್ರ ಅಂಜಿಕಿ,” ಎಂದರು ನಮ್ಮ ಓಣಿಯ ವಿಜ್ಞಾನಿ.

ಬಸುರಿಯಿದ್ದಾಗಲೇ ಲಸಿಕೆ ಹಾಕಿಸಿಕೊಂಡಿದ್ದ ಮಗಳು ನೀಲಾ ಮಾತ್ರ ಸಲೀಸಾಗಿ ಹೋಗಿ ಕೂಸನ್ನು ಎತ್ತಿಕೊಂಡಳು.

“ಅದನ್ನ ಬಂದ್ ಮಾಡವ್ವಾ,” ಎಂದು ಮಾಸ್ತರರು ಗೋಗರೆದರು.

“ಮಾಡಂಗಿಲ್ಲ ಅಪ್ಪಾ. ನಿನಗ ಸೂಜೀ ಅಂಜಿಕಿ, ನನಗ ಕೂಸಿಂದು. ಮೊದಲ ಹಾಕಿಸ್ಕೊಂಡ ಬಾ, ಆಮ್ಯಾಲ ಎತ್ಕೊ.”

ಆ ದಿನ ಊಟಕ್ಕೆ ಮೊದಲು ಇಡೀ ನಾಮಕರಣವೇ ದವಾಖಾನೆಗೆ ನಡೆಯಿತು. ಮಾಸ್ತರರು ಸ್ಪಿರಿಟ್ ವಾಸನೆಗೇ ಎಚ್ಚರ ತಪ್ಪಿದ್ದರಿಂದ ಅವರಿಗೆ ನೋವೇ ಆಗಲಿಲ್ಲ.

ಲಸಿಕೆಯ ಬಲ ಮೈಗೆ ಹತ್ತಲೆಂದು ಎರಡು ವಾರ ಬಿಟ್ಟು ಶಾಸ್ತ್ರ ಮತ್ತೆ ನಡೆಯಿತು. ಸುಗಲಾ ಇನ್ನೊಂದು ಸೀರೆ ಗಿಟ್ಟಿಸಿಕೊಂಡು ಇನ್ನೊಂದು ಸಲ ಗುದ್ದಿಸಿಕೊಂಡಳು. ಆಮೇಲೆ ಮಾಸ್ತರರು ಅಳುಕುತ್ತ ಕೈ ಚಾಚಿದರು. ತೊಟ್ಟಿಲು ಅಲುಗಲಿಲ್ಲ! ಮೊಮ್ಮಗನನ್ನು ಎತ್ತಿಕೊಂಡ ಅವರ ಕಣ್ಣು ತುಂಬಿತು.

ಕೂಸು ಕಣ್ಣು ಬಿಟ್ಟು ಅಜ್ಜನ ಮೀಸೆ ನೋಡಿ ಕಿಟಾರನೆ ಚೀರಿತು. ನೀಲಾ ಅದನ್ನು ಕಸಿದುಕೊಂಡಳು. ಕೂಸಿನ ಚೀರಾಟ ಕೇಳಿದ ಬಾಡಿಗಾರ್ಡ್ ತೊಟ್ಟಿಲು ಮಾಸ್ತರರನ್ನು ಓಣಿ ತುಂಬ ಅಟ್ಟಾಡಿಸಿತು!

ಮೀಸೆಯ ಅಂಜಿಕೆಗೆ ಲಸಿಕೆ ಇನ್ನೂ ಬಂದಿಲ್ಲ. ಸದ್ಯಕ್ಕೆ ಕತ್ತರಿಯೇ ಗತಿ.