ಪುರಸಭಿ ತಿಂದ ಉಪ್ಪಿಟ್ಟು

ಅಂಜೋ ಮಂದಿಗೇ ಇಂಥಾವು ಬೆನ್ನು ಹತ್ತತಾವ ನೋಡ್ರಿ. ನಾ ಖಾನಾವಳಿ ನಡಸಾಕಿ. ಪೊಲೀಸ್ರು ಬರೇ ಚಹಾಕ್ಕ ಬಂದ್ರೂ ನನ್ನ ಕೈಯಾಗಿನ ಸೌಟು ನಡುಗತದ. ಅಂಥಾಕಿ ಪುರಸಭಿ ಮ್ಯಾಲೆ ಕೇಸ್ ಹಾಕಿದೆ! ಯಾವೂರ ಪುರಸಭಿ ಅಂತ ಕೇಳಬ್ಯಾಡ್ರಿ. ಮಾನ್ವಿ, ದೇವದುರ್ಗ ಎರಡೂ ಕಡಿ ನನಗ ಬೀಗರದಾರ, ಹೆಸರು ಹೇಳಿದ್ರ ಸಿಟ್ಟಾಗ್ತಾರ.

ನೋಟಿಸು

ಊರು ಗುಡಿಸೋ ಪೌರಕಾರ್ಮಿಕರಿಗೆ ದಿನಾ ಮುಂಜಾನಿ ನಾಷ್ಟಾ ಕೊಡೋದು ನನ್ನ ಗುತ್ತಿಗಿ. ಎರಡು ವರ್ಷ ಕೊಟ್ಟೆ, ಬಿಲ್ಲಿನ ರೊಕ್ಕ ಬರಲೇ ಇಲ್ಲ. ಅಕ್ಕಿ, ರವಾ ತರಾಕ ನಮ್ಮವ್ವನ ಕೈಯಾಗಿನ ಬಂಗಾರದ ಪಾಟಲಿ ಬ್ಯಾಂಕಿನ್ಯಾಗ ಒತ್ತಿ ಇಟ್ಟಿದ್ದೆ. ಬಿಡಿಸ್ಕೊಳ್ಳಿಲ್ಲಂದ್ರ ಹರಾಜು ಅಂತ ಕಾಗದ ಬಂತು. ಅವತ್ತಿಂದ ನನಗ ನಿದ್ದಿ ಇಲ್ಲ.

ರಾಯಚೂರಿನ ವಕೀಲರು, "ಪುರಸಭಿ ಮ್ಯಾಲೆ ಕೇಸ್ ಹಾಕೋಕಿಂತ ಮೊದ್ಲು ನೋಟಿಸ್ ಕೊಡಬೇಕವ್ವ" ಅಂದ್ರು. ಬರೇ ನೋಟಿಸ್ ಕೊಟ್ರ ಸಾಹೇಬ್ರು ಸಿಟ್ಟಾಗ್ತಾರಂತ ಅಂಜಿ, ಅದರ ಜೋಡಿ ಒಂದು ಡಬ್ಬಿ ಬಿಸಿ ಉಪ್ಪಿಟ್ಟೂ ಒಯ್ದೆ. ಮುಖ್ಯಾಧಿಕಾರಿ ಸಾಹೇಬ್ರು ನೋಟಿಸ್ ಪಕ್ಕಕ್ಕಿಟ್ಟು, ಡಬ್ಬಿ ಖಾಲಿ ಮಾಡಿ, "ಭಾಳ ಚಲೋ ಆಗ್ಯಾದ ಯವ್ವಾ. ಇದನ್ನೂ ಬಿಲ್ಲಿಗೆ ಸೇರಿಸಿಬಿಡು" ಅಂದ್ರು.

ಸಾಕ್ಷಿ

ಕೋರ್ಟಿನ್ಯಾಗ ಪುರಸಭಿ ವಕೀಲರು, "ಈಕಿ ನಾಷ್ಟಾ ಕೊಟ್ಟೇ ಇಲ್ಲ" ಅಂದುಬಿಟ್ರು. ನನಗಿದ್ದ ಸಾಕ್ಷಿ ಒಬ್ಬಾಕೇ, ಕಸ ಗುಡಿಸೋ ದೊಡ್ಡಮ್ಮ ಅನ್ನಾಕಿ.

"ನೀ ದಿನಾ ತಿಂದಿದ್ದು ಖರೇನಾ?" ಅಂತ ಪುರಸಭಿ ವಕೀಲರು ಗದರಿಸಿದ್ರು.

"ಖರೇನ್ರೀ. ಸೋಮವಾರ ಉಪ್ಪಿಟ್ಟಿಗೆ ಉಪ್ಪಿರತಿದ್ದಿಲ್ಲ. ಮಂಗಳವಾರದ ಇಡ್ಲಿ ಒಗದ್ರ ನಾಯಿ ಕುಂಯ್ ಅಂತ ಓಡತಿತ್ತು. ಚುರಮುರಿ ಮಂಡಾಳ ಒಗ್ಗರಣಿಯಾಗ ಶೇಂಗಾ ಹುಡುಕಿ ಹುಡುಕಿ ನನ್ನ ಕಣ್ಣು ಹೋದ್ವು."

ಮುಗೀತು ನನ್ನ ಕತಿ ಅಂತ ಸೆರಗು ಬಾಯಿಗೆ ಹಿಡದೆ. ಜಡ್ಜ್ ಸಾಹೇಬ್ರು ನಕ್ಕು, "ತಿನ್ನದವ್ರಿಗೆ ಇಷ್ಟು ಬೈಯಾಕ ಆಗೋದಿಲ್ಲ ಬಿಡ್ರಿ" ಅಂದ್ರು. ಡಿಕ್ರಿ ನನ್ನ ಕಡಿ ಆತು. ಖಾನಾವಳಿಗೆ ಮಾತ್ರ ಎಂಟು ದಿನ ಒಬ್ರೂ ಉಣ್ಣಾಕ ಬರಲಿಲ್ಲ.

ಜಪ್ತಿ

ಡಿಕ್ರಿ ಆದ್ರೂ ರೊಕ್ಕ ಬರಲಿಲ್ಲ, ಬಡ್ಡಿ ಕಟ್ಟಿ ಕಟ್ಟಿ ಮುಂದ ಹಾಕಿದ್ದ ಹರಾಜಿಗೆ ನಾಕೇ ದಿನ ಉಳೀತು. ವಕೀಲರು ಜಪ್ತಿಗೆ ಅರ್ಜಿ ಹಾಕಿದ್ರು. ನೀರು, ಬೀದಿದೀಪ, ಕಸದ ಗಾಡಿ ಮುಟ್ಟಂಗಿಲ್ಲ, ಕುರ್ಚಿ ಟೇಬಲ್ ಒಯ್ಯಬಹುದು ಅಂದ್ರು. ಜಪ್ತಿ ಮಾಡೋ ಕೋರ್ಟಿನ ಅಮೀನರು, "ತೋರ್ಸಾಕ ನೀವೂ ಬರಬೇಕ್ರೀ" ಅಂತ ನನ್ನೂ ಪುರಸಭಿಗೆ ಕರಕೊಂಡು ಹೋದ್ರು.

ಮಧ್ಯಾಹ್ನದೊಳಗ ಎಲ್ಲಾ ಕುರ್ಚಿ ಟ್ರ್ಯಾಕ್ಟರ್ ಏರಿದ್ವು. ಉಳಿದಿದ್ದು ಮುಖ್ಯಾಧಿಕಾರಿ ಸಾಹೇಬ್ರ ದೊಡ್ಡ ಕುರ್ಚಿ. ಅವ್ರು ಅದನ್ನ ಗಟ್ಟಿ ಹಿಡಕೊಂಡು, "ನಾ ಏಳಂಗಿಲ್ಲ!" ಅಂತ ಕುಂತುಬಿಟ್ರು.

ಅಮೀನರು ತಲಿ ಕೆರಕೊಂಡ್ರು. "ಕುರ್ಚಿಗೆ ವಾರಂಟ್ ಅದ, ಸಾಹೇಬ್ರಿಗೆ ಇಲ್ಲಲ್ಲ!"

ಮೂರು ಗಂಟಿ ಆತು. ಸಾಹೇಬ್ರಿಗೆ ಸಕ್ರಿ ಕಾಯಿಲಿ, ಮುಖ ಬಾಡಾಕತ್ತಿತ್ತು. ಇವ್ರಿಗೇನಾರ ಆದ್ರ ಕೊಲಿ ಕೇಸು ನನ್ನ ತಲಿಗೇ ಬರತದಂತ ಅಂಜಿದೆ. ನನಗಂತ ತಂದಿದ್ದ ಡಬ್ಬಿ ಬಿಚ್ಚಿ ರೊಟ್ಟಿ, ಪುಂಡಿಪಲ್ಯ ಇಟ್ಟು, "ನಿಮ್ಮ ಕಾಲಿಗೆ ಬೀಳ್ತೀನ್ರೀ, ಎರಡು ತುತ್ತು ಉಣ್ರಿ" ಅಂದೆ.

ಪುಂಡಿಪಲ್ಯದ ವಾಸನಿಗೆ ಸಾಹೇಬ್ರು ಸೋತ್ರು. ಆದ್ರ ಕೈ ತೊಳಿಲಾರದ ಹೆಂಗ ಉಣ್ಣೋದು? ಎದ್ದು ನಲ್ಲಿ ಕಡಿ ಹೋದ್ರು. ತಿರುಗಿ ಬರೋದ್ರಾಗ ಕುರ್ಚಿ ಟ್ರ್ಯಾಕ್ಟರಿನ್ಯಾಗಿತ್ತು.

"ಅಯ್ಯೋ ಶಿವನೇ, ನಾ ಬೇಕಂತ ಮಾಡಿಲ್ರೀ!" ಅಂತ ಅಳಾಕತ್ತಿದೆ. ಸಾಹೇಬ್ರು ಒದ್ದಿ ಕೈ ಹಿಡಕೊಂಡು ನಿಂತೇ ನಿಂತ್ರು. ಆಮ್ಯಾಲೆ ನೆಲದ ಮ್ಯಾಲೆ ಕುಂತು, ಎಲ್ಲಾ ಉಂಡು, ಕುರ್ಚಿ ಬಿಡಿಸ್ಕೊಳ್ಳಾಕ ಚೆಕ್ ಬುಕ್ ತರಿಸಿ ಸಹಿ ಮಾಡಿದ್ರು. ಅವ್ವನ ಪಾಟಲಿ ಉಳದ್ವು, ಈಗ ನನ್ನ ಕೈಯಾಗ ಅದಾವ.

ಚೆಕ್ ತಗೊಂಡು ಹೊಂಟಾಗ ಹಿಂದಿಂದ ಸಾಹೇಬ್ರು ಕರದ್ರು. ಆ ಆಫೀಸಿನ್ಯಾಗ ಮೊದಲ್ನೇ ಸಲ ನಡುಗಾಕತ್ತಿದ್ದು ನನ್ನ ದನಿ ಅಲ್ಲ, ಅವ್ರದ್ದು.

"ಯವ್ವಾ, ಕೈ ಮುಗಿತೀನಿ, ಇವತ್ತಿನ ಊಟದ್ದು ಬಿಲ್ ಮಾಡಬ್ಯಾಡ."