ಮಾವನ ಪ್ರಾಕ್ಸಿ ಪೆಟ್ಟಿಗೆ

ನಂಜನಗೂಡಿನ ನಮ್ಮ ಸೋದರಮಾವನ ಗುಟ್ಟು ಯಾರಿಗೂ ಗೊತ್ತಿಲ್ಲ ಎಂದು ನಂಬಿರುವವರು ಇಡೀ ತಾಲ್ಲೂಕಿನಲ್ಲಿ ಒಬ್ಬರೇ. ಅದು ನಮ್ಮ ಸೋದರಮಾವ! ಸಂತೆಯಿಂದ ಬದನೆಕಾಯಿ ತಂದರೂ ಎರಡು ಚೀಲದೊಳಗೆ ಬಚ್ಚಿಟ್ಟು ತರುತ್ತಾರೆ. "ಏನು ತಂದ್ರಿ ಮಾವ?" ಎಂದರೆ "ಎಂಥದೋ ಒಂದು" ಎನ್ನುತ್ತಾರೆ. ಮಧ್ಯಾಹ್ನ ಅದೇ ಬದನೆಕಾಯಿ ಎಣ್ಣೆಗಾಯಿಯಾಗಿ ನಮ್ಮ ತಟ್ಟೆಗೇ ಬೀಳುತ್ತದೆ ಅನ್ನುವುದು ಬೇರೆ ಮಾತು.

ಟೆಲಿಫೋನ್ ಲೈನ್‌ಮನ್ ಆಗಿದ್ದು ನಿವೃತ್ತರಾದವರು. ಕಂಬ ಹತ್ತಿ ತಂತಿ ಪರೀಕ್ಷೆ ಮಾಡುವಾಗ ಊರವರ ಎಷ್ಟು ಜಗಳ, ಎಷ್ಟು ಪ್ರೇಮ ಕಿವಿಗೆ ಬಿದ್ದಿರಬೇಡ! ಒಂದನ್ನೂ ಬಾಯಿಬಿಟ್ಟವರಲ್ಲ. ಆದರೆ ತಂತಿ ಇದ್ದ ಕಡೆ ಕೇಳುವ ಕಿವಿಯೂ ಇರುತ್ತದೆ ಎಂಬುದು ಅವರಿಗೆ ಖಾತ್ರಿಯಾಗಿಬಿಟ್ಟಿದೆ.

ಸ್ಮಾರ್ಟ್‌ಫೋನು ಕೈಗೆ ಬಂದ ದಿನವೇ ಅದರ ಕ್ಯಾಮೆರಾಕ್ಕೆ ಅತ್ತೆಯ ಸ್ಟಿಕ್ಕರ್ ಬಿಂದಿ ಅಂಟಿಸಿದರು. ಫೋಟೋ ತೆಗೆಯುವಾಗ ಬಿಂದಿ ಕಿತ್ತು, ಇಡಲು ಜಾಗವಿಲ್ಲದೆ, ತಮ್ಮ ಹಣೆಗೇ ಅಂಟಿಸಿಕೊಳ್ಳುತ್ತಾರೆ. ಹಾಗೆ ಅಂಟಿಸಿಕೊಂಡದ್ದನ್ನು ಮರೆತು ಒಮ್ಮೆ ಹುಲ್ಲಹಳ್ಳಿ ಬಸ್ಸು ಹತ್ತಿದರು. ವಿಭೂತಿಯ ಮೂರು ಪಟ್ಟೆ, ನಡುವೆ ಮಿರಮಿರ ಮಿಂಚುವ ಕೆಂಪು ಬಿಂದಿ! ಹೆಂಗಸರಿಗೆ ಕೊಡುವ ಫ್ರೀ ಟಿಕೆಟ್ ಹರಿಯಲೋ ಬೇಡವೋ ಎಂದು ಕಂಡಕ್ಟರ್ ಎರಡು ಸ್ಟಾಪು ಯೋಚಿಸಿದನಂತೆ.

ಇಂಥ ಮಾವ ಒಂದು ದಿನ ತಿ. ನರಸೀಪುರದ ನಮ್ಮ ಮನೆಗೆ ಬಂದರು. ಚೀಲದೊಳಗೊಂದು ಚೀಲ, ಅದರೊಳಗೆ ಟವೆಲು, ಟವೆಲಿನೊಳಗೆ ಊಟದ ಡಬ್ಬಿಯಷ್ಟಿರುವ ಪುಟ್ಟ ಕಂಪ್ಯೂಟರ್.

"ಇದು ನನ್ ಸ್ವಂತ ಪ್ರಾಕ್ಸಿ ಕಣ್ಲಾ. ನಿನ್ ಮನೆ ವೈಫೈಗೆ ಸಿಕ್ಸಿಬುಡ್ತೀನಿ."

"ಅದೇನು ಮಾಡುತ್ತೆ ಮಾವ?"

"ನಾನು ನಂಜನಗೂಡಲ್ಲಿ ಕುಂತು ಫೋನಲ್ಲಿ ಏನೋ ಉಡುಕ್ತೀನಿ. ಅದು ಸೀದಾ ಈ ಪೆಟ್ಗೆಗೆ ಬತ್ತದೆ. ಪೆಟ್ಗೆ ನನ್ ಪರವಾಗಿ ಓಗಿ ಇಸ್ಕಂಡು ಬಂದು ನಂಗೆ ಕೊಡ್ತದೆ. ಲೋಕದ ಕಣ್ಣಿಗೆ ಉಡುಕ್ದೋನು ನೀನು!"

"ಅಂದ್ರೆ ಸಿಕ್ಕಿಬೀಳೋನೂ ನಾನೇ?"

"ನೀನೇನ್ಲಾ ತಪ್ಪು ಮಾಡಿದ್ದೀಯ, ಎದ್ರಿಕೊಳ್ಳಕೆ?"

ಇಷ್ಟೆಲ್ಲ ಯಾಕೆ ಎಂದು ಕೇಳಿದೆ. "ನಮ್ಮನೇಲಿ ನಾನು ಮಂಡಿನೋವಿನ ಎಣ್ಣೆ ಉಡುಕುದ್ರೆ ಅರ್ಧ ಗಂಟೇಲಿ ನಿಮ್ಮತ್ತೆ ಫೋನಲ್ಲಿ ಅದೇ ಎಣ್ಣೆ ಜಾಹೀರಾತು! ಒಂದೇ ವೈಫೈ ಅಲ್ವಾ? ನಿಮ್ಮತ್ತೆಗೆ ಗೊತ್ತಾಗ್ಬಾರ್ದು ಕಣ್ಲಾ" ಎಂದರು. ಏನು ಗೊತ್ತಾಗಬಾರದು ಎಂದು ಮಾತ್ರ ಹೇಳಲಿಲ್ಲ. ಬರೆದುಕೊಂಡು ಬಂದ ಹಾಳೆ ನೋಡಿಕೊಂಡು ಪೆಟ್ಟಿಗೆಯನ್ನು ಸಜ್ಜುಮಾಡಿ, ತಮ್ಮ ಫೋನಿಗೂ ಹಳೇ ಲ್ಯಾಪ್‌ಟಾಪಿಗೂ ಅದರ ವಿಳಾಸ, ಪೋರ್ಟ್ ನಂಬರು ತುಂಬಿದರು. ಪಾಸ್‌ವರ್ಡ್ ಒತ್ತುವ ಹೊತ್ತಿಗೆ ನನ್ನನ್ನು ನನ್ನ ಮನೆಯಿಂದಲೇ ಆಚೆ ಕಳಿಸಿದರು!

ವಾರ ಕಳೆಯುವುದರೊಳಗೆ ಫೋನು. "ಲೇ, ನನ್ ದಾರಿ ಮುಚ್ಚಿಬುಟ್ಯಲ್ಲೋ!" ವಿಷಯ ಇಷ್ಟೇ. ನನ್ನ ಹೆಂಡತಿ ಎಲ್ಲಿಗೆ ಹೊರಟರೂ ಮನೆಯ ಸ್ವಿಚ್ಚುಗಳನ್ನೆಲ್ಲ ಆರಿಸಿಯೇ ಬೀಗ ಹಾಕುವವಳು. ಅವತ್ತು ತಲಕಾಡಿನ ತವರಿಗೆ ಹೊರಟಾಗ ಪೆಟ್ಟಿಗೆಯನ್ನೂ ಆರಿಸಿದ್ದಳು. ಮಾವ ಮುಂದಿನ ಬಸ್ಸಿಗೇ ಬಂದಿಳಿದರು. ನಮ್ಮ ಮನೆಯಲ್ಲಿ ಸ್ವಿಚ್ಚು ಆರದ ಜಾಗ ಒಂದೇ, ದೇವರ ಮನೆ. ರೂಟರ್ ಸಮೇತ ಪೆಟ್ಟಿಗೆ ಅಲ್ಲಿಗೆ ಹೋಯಿತು. ದೇವರ ಸಾಲಿನಲ್ಲಿ ಕೂತದ್ದನ್ನು ಬರಿದಾಗಿ ಬಿಡುವುದು ಹೇಗೆ ಎಂದು ಹೆಂಡತಿ ಅದಕ್ಕೂ ವಿಭೂತಿ ಹಚ್ಚಿದಳು, ದಿನಾ ಒಂದು ಹೂವು ಏರಿಸತೊಡಗಿದಳು. ಪೆಟ್ಟಿಗೆ ಹಸಿರು ದೀಪ ಮಿಟುಕಿಸಿ ಆಶೀರ್ವಾದ ಮಾಡುತ್ತಿತ್ತು.

ಆಶೀರ್ವಾದ ಫಲಿಸಿತು. ನಮ್ಮ ಮನೆಯ ಫೋನುಗಳಲ್ಲೆಲ್ಲ ಲೇಡೀಸ್ ಚಪ್ಪಲಿಯ ಜಾಹೀರಾತು! ಅಡುಗೆ ವೀಡಿಯೋ ಹಾಕಿದರೆ ಚಪ್ಪಲಿ, ವಚನ ಹಾಕಿದರೆ ಚಪ್ಪಲಿ. ಅಲ್ಲಿ ಅತ್ತೆಗೆ ಕಾಣಬಾರದೆಂದು ಮಾವ ಓಡಿಸಿದ್ದೆಲ್ಲ ಇಲ್ಲಿ ಬಂದು ಸೇರುತ್ತಿತ್ತು. ಹೆಂಡತಿ ಮೊದಲು ನಕ್ಕಳು. ಆಮೇಲೆ ನಗುವುದನ್ನು ನಿಲ್ಲಿಸಿದಳು. ಅದರ ಮೇಲೆ ನನ್ನ ಹೆಸರಿಗೇ ಎರಡು ಪಾರ್ಸೆಲ್ ಬಂದವು. ಬಿಚ್ಚಿದರೆ ಒಂದೇ ಬಣ್ಣದ, ಒಂದೇ ನಮೂನೆಯ ಹೆಂಗಸರ ಚಪ್ಪಲಿ. ಒಂದು ಜೊತೆ ನಾಲ್ಕು ನಂಬರು, ಇನ್ನೊಂದು ಆರು.

"ನಂದು ಐದು" ಎಂದಳು ಹೆಂಡತಿ, ತಣ್ಣಗೆ. "ಎರಡು ಸೈಜು! ಅಂದ್ರೆ ಇಬ್ಬರಾ?"

ನಾನು ಮಾವನಿಗೆ ಫೋನು ಮಾಡಿ ಸ್ಪೀಕರಿಗೆ ಹಾಕಿದೆ. "ನಿಮ್ಮ ಚಪ್ಪಲಿ ನನ್ನ ಸಂಸಾರ ಮುರೀತಾ ಇದೆ ಮಾವ!" ಎಂದೆ. "ಬತ್ತೀನಿ ಇರು" ಎಂದರು.

ಬಂದವರು ಚಪ್ಪಲಿ ಮುಂದಿಟ್ಟುಕೊಂಡು ನೆಲದ ಮೇಲೆ ಕೂತರು. ಚಿಕ್ಕಂದಿನಲ್ಲಿ ಪೋಲಿಯೋ ಬಂದು ಅತ್ತೆಯ ಎಡಪಾದ ಸಣ್ಣದಾಗಿಯೇ ಉಳಿದಿದೆ ಎಂಬುದು ನಮಗೆಲ್ಲ ಗೊತ್ತು. ಅದು ಕಾಣದಂತೆ ಸೀರೆಯನ್ನು ನೆಲ ಮುಟ್ಟುವ ಹಾಗೆ ಉಡುತ್ತಾರೆ. ಹೊರಗೆ ಹೊರಟರೆ ಎಡಚಪ್ಪಲಿಗೆ ಬಟ್ಟೆ ತುರುಕಿಕೊಳ್ಳುತ್ತಾರೆ. ಗೊತ್ತಿಲ್ಲದ್ದನ್ನು ಮಾವ ಹೇಳಿದರು.

"ಮದ್ವೆ ಆದ ವರ್ಷ ಚಪ್ಪಲಿ ಅಂಗ್ಡಿಗೆ ಕರ್ಕಂಡ್ ಓಗಿದ್ದೆ. ಅಂಗ್ಡಿಯವ್ನು ಕಾಲು ನೋಡಿ, ಒಂದೊಂದ್ ಸೈಜು ಒಂದೊಂದ್ ಕೊಡಕಾಯ್ತದಾ ಅಂತ ಜೋರಾಗಿ ನಕ್ಕ. ಇದ್ದೋರೆಲ್ಲ ತಿರುಗಿ ನೋಡುದ್ರು. ನಾನು ಸುಮ್ನೆ ನಿಂತಿದ್ದೆ ಕಣ್ಲಾ. ಒಂದ್ ಮಾತು ಆಡ್ನಿಲ್ಲ. ಅವ್ಳು ಮೆಟ್ಲು ಇಳ್ದು ಓದೋಳು ಮತ್ತೆ ಚಪ್ಪಲಿ ಅಂಗ್ಡಿ ಅತ್ನಿಲ್ಲ. ಇನ್ನು ಆ ಮಾತು ಎತ್ತಬ್ಯಾಡಿ ಅಂದ್ಲು. ನಲ್ವತ್ತು ವರ್ಷ ಎತ್ಲಿಲ್ಲ. ಈಗ ಎತ್ತುದ್ರೆ ಅವತ್ತಿನಂಗೇ ಮೊಕ ತಿರುಗಿಸ್ಕಂಡ್ರೆ? ಅದ್ಕೇ ನಿನ್ ಹೆಸ್ರಿಗೆ ತರ್ಸಿದ್ದು."

ಇಬ್ಬರು ಹೆಂಗಸರನ್ನು ನನಗೆ ಗಂಟುಹಾಕಿದ್ದ ನನ್ನ ಹೆಂಡತಿ ಕಣ್ಣೊರೆಸಿಕೊಂಡು ಎದ್ದಳು. ನಾಲ್ಕು ನಂಬರಿನ ಎಡದ್ದು, ಆರು ನಂಬರಿನ ಬಲದ್ದು ಎತ್ತಿಕೊಂಡು "ನಡೀರಿ ಮಾವ" ಎಂದಳು.

ನಂಜನಗೂಡಿನಲ್ಲಿ ಯಾರೂ ಏನೂ ಹೇಳಲಿಲ್ಲ. ನಮ್ಮ ಚಪ್ಪಲಿಗಳ ಸಾಲಿನಲ್ಲಿ ಇವನ್ನೂ ಬಿಟ್ಟು ಒಳಗೆ ಹೋಗಿ ಕೂತೆವು. ಅತ್ತೆ ಹಾಲು ತರಲು ಹೊರಟರು. ಬಾಗಿಲಲ್ಲಿ ನಿಂತರು. ಒಂದು ಕಾಲು ತೂರಿಸಿದರು, ಇನ್ನೊಂದು ತೂರಿಸಿದರು. ಮಾವ ಪೇಪರನ್ನು ತಲೆಕೆಳಗು ಹಿಡಿದು ಓದುತ್ತಿದ್ದರು. ಅತ್ತೆ ಅಂಗಳದ ತುದಿಯವರೆಗೆ ನಡೆದು ಹೋಗಿ ವಾಪಸು ಬಂದರು.

"ರೀ, ಎರಡು ಜೊತೆ ತಗಂಡಿರ್ಬೇಕಲ್ವಾ? ಮಿಕ್ಕಿದ್ದೆರಡು ಎಲ್ಲಿ?"

ಮಾವ ಪೇಪರು ಮಡಚಿ, "ಇವ್ನ ಮನೇಲವೆ" ಎಂದರು.

"ಬಿಸಾಕಬ್ಯಾಡಿ. ಬಲಗಾಲು ಸಣ್ಣ ಇರೋಳು ಎಲ್ಲೋ ಒಬ್ಳು ಇರ್ತಾಳೆ. ಬಟ್ಟೆ ತುರುಕ್ಕಂಡು ನಡೀತಿರ್ತಾಳೆ. ಉಡುಕಿ."

ಆ ಸಂಜೆ, ಗುಡ್ ಮಾರ್ನಿಂಗ್ ಕಳಿಸಲೂ ಹೆದರುತ್ತಿದ್ದ ಮಾವ ನೆಂಟರ ವಾಟ್ಸಾಪ್ ಗುಂಪಿಗೆ ಮೊದಲ ಸಲ ಒಂದು ಫೋಟೋ, ಅತ್ತೆಯ ಹೊಸ ಚಪ್ಪಲಿಯದು, ಹಾಕಿದರು. ಅದರ ಕೆಳಗೆ ಅತ್ತೆ ಪಕ್ಕದಲ್ಲಿ ಕೂತು ಬರೆಸಿದ ಸಾಲುಗಳು: "ನನ್ನ ಹೆಂಡತಿಯ ಎಡಗಾಲು ನಾಲ್ಕು, ಬಲಗಾಲು ಆರು. ಇದಕ್ಕೆ ತಿರುಗುಮುರುಗು ಇರುವವರು ಯಾರಿದ್ದರೂ ತಿಳಿಸಿ, ಹೊಸ ಚಪ್ಪಲಿ ಕಾದಿದೆ. ಎಲ್ಲರಿಗೂ ಕಳಿಸಿ." ಕೊನೆಯಲ್ಲಿ ಮಾವನ ಪೂರ್ತಿ ಹೆಸರು, ಮನೆ ನಂಬರು, ಬೀದಿ, ಫೋನ್ ನಂಬರು ಎಲ್ಲ ಇತ್ತು.