ಅಮ್ಮನ ಟೊಮೆಟೊ ಹುಡುಕಿದ್ದು

ಬಿತ್ತಿದಂತೆ ಬೆಳೆ ಎಂದು ಗಾದೆ ಕಟ್ಟಿದವರು ನಮ್ಮ ಮನೆಯ ತಾರಸಿ ನೋಡಿರಲಿಕ್ಕಿಲ್ಲ. ಕಾವೂರಿನ ಈ ಮನೆಗೆ ಬಂದು ಆರು ವರ್ಷವಾಯಿತು. ಪ್ರತಿ ವರ್ಷ ಮಳೆ ನಿಂತ ಕೂಡಲೇ ನಾನು ಟೊಮೆಟೊ ಹಾಕುತ್ತೇನೆ, ಪ್ರತಿ ವರ್ಷ ಟೊಮೆಟೊವೇ ಬರುತ್ತದೆ. ಅಷ್ಟರ ಮಟ್ಟಿಗೆ ಮೋಸವಿಲ್ಲ. ಆದರೆ ನಾನು ಹಾಕಿದ ಜಾತಿ ಒಂದು, ಬಂದದ್ದು ಇನ್ನೊಂದು. ನಾಚಿಕೆಯ ಸಂಗತಿ ಏನೆಂದರೆ, ಬಲ್ಮಠದ ಹತ್ತಿರದ ಒಂದು ಕಾಲೇಜಿನಲ್ಲಿ ಇಪ್ಪತ್ತೆರಡು ವರ್ಷಗಳಿಂದ ನಾನು ಪಾಠ ಮಾಡುತ್ತಿರುವುದು ಸಸ್ಯಶಾಸ್ತ್ರ.

ನನಗೆ ಬೇಕಾಗಿರುವುದು ಒಂದೇ ಒಂದು ಜಾತಿ. ಕೂಳೂರಿನ ಮನೆಯಲ್ಲಿ ನಮ್ಮ ಅಮ್ಮ ಬಾವಿಕಟ್ಟೆಯ ಆಚೆ ಬೆಳೆಸುತ್ತಿದ್ದ ಟೊಮೆಟೊ. ಚಪ್ಪಟೆ ಹಣ್ಣು, ಸಣ್ಣ ಸಿಹಿಕುಂಬಳದ ಹಾಗೆ ಮೈಯೆಲ್ಲ ಗೆರೆ, ಪೂರ್ತಿ ಹಣ್ಣಾದರೂ ತೊಟ್ಟಿನ ಸುತ್ತ ಸ್ವಲ್ಪ ಹಸಿರು ಉಳಿಯುತ್ತಿತ್ತು. ಕಚ್ಚಿದರೆ ಒಂದು ಕಣ್ಣು ತಾನಾಗಿ ಮುಚ್ಚುವಷ್ಟು ಹುಳಿ. ಅದರ ಸಾರಿಗೆ ಹುಣಸೆಹಣ್ಣು ಬೇಕಾಗುತ್ತಿರಲಿಲ್ಲ. ಅಮ್ಮ ವರ್ಷವೂ ಒಂದು ಒಳ್ಳೆಯ ಹಣ್ಣನ್ನು ಬೂದಿಯಲ್ಲಿ ಉಜ್ಜಿ, ಬೀಜ ಒಣಗಿಸಿ, ಕಾಗದದಲ್ಲಿ ಕಟ್ಟಿ ಇಡುತ್ತಿದ್ದರು. ಅವರು ತೀರಿಹೋದ ವರ್ಷ ನಾನೂ ಅಣ್ಣನೂ ಸೀರೆ ಹಂಚಿದೆವು, ಪಾತ್ರೆ ಹಂಚಿದೆವು, ಕೊನೆಗೆ ಮನೆಯನ್ನೂ ಮಾರಿದೆವು. ಆ ಕಾಗದದ ಪೊಟ್ಟಣ ಎಲ್ಲಿ ಹೋಯಿತು ಎಂದು ಇಬ್ಬರೂ ಕೇಳಲಿಲ್ಲ. ಒಂದು ವರ್ಷ ಕಳೆದ ಮೇಲೆ ಒಂದು ಮಧ್ಯಾಹ್ನ ಅನ್ನ ಸಾರು ಕಲಸಿಕೊಂಡು ಕೂತವಳಿಗೆ ಇದ್ದಕ್ಕಿದ್ದಂತೆ ನೆನಪಾಯಿತು. ಅಂದಿನಿಂದ ಹುಡುಕುತ್ತಿದ್ದೇನೆ.

ಹುಳಿ ಕೇಳಿದ್ದು

ಮೊದಲ ವರ್ಷ ಏರ್‌ಪೋರ್ಟ್ ರಸ್ತೆಯ ಬದಿಯಲ್ಲಿದ್ದ ಒಂದು ನರ್ಸರಿಗೆ ಹೋದೆ. ಅಲ್ಲಿದ್ದವರಿಗೆ ಅಮ್ಮನ ಟೊಮೆಟೊದ ವರ್ಣನೆಯನ್ನು ಹತ್ತು ನಿಮಿಷ ಮಾಡಿದೆ. ಅವರು ತಲೆಯಾಡಿಸುತ್ತ ಕೇಳಿ, ನಾಟಿ ಟೊಮೆಟೊ ಅಲ್ಲವಾ, ಒಳ್ಳೆ ಹುಳಿ ಉಂಟು ಎಂದು ನಾಲ್ಕು ಸಸಿ ಕೊಟ್ಟರು.

ಗಿಡ ಜೋರಾಗಿ ಬಂತು. ಗೊಂಚಲು ಗೊಂಚಲಾಗಿ ಕಾಯಿ ಹಿಡಿಯಿತು. ಆದರೆ ಕಾಯಿಗಳು ದ್ರಾಕ್ಷಿಯಷ್ಟಾಗಿ ಅಲ್ಲಿಗೇ ನಿಂತವು. ಇನ್ನೂ ದೊಡ್ಡದಾಗಲಿಕ್ಕೆ ಉಂಟು ಎಂದು ನಾನು ಗೊಬ್ಬರ ಹಾಕಿದೆ. ಶಕ್ತಿ ಸಾಲುವುದಿಲ್ಲ ಎಂದು ನನ್ನ ಗಂಡ ನೆಲಗಡಲೆ ಹಿಂಡಿ ನೆನೆಸಿದ ನೀರು ಹಾಕಿದರು. ಕಾಯಿ ಹಳದಿಯಾಯಿತು, ಕೆಂಪಾಯಿತು. ಆಗಲೂ ನಾವು ಕಾಯುತ್ತಲೇ ಇದ್ದೆವು. ಪಿಕಳಾರ ಹಕ್ಕಿಗಳು ಮಾತ್ರ ಕಾಯಲಿಲ್ಲ. ನಾಲ್ಕು ದಿನಗಳಲ್ಲಿ ಗೊಂಚಲುಗಳಲ್ಲಿ ತೊಟ್ಟು ಮಾತ್ರ ಉಳಿಯಿತು. ಬಿದ್ದಿದ್ದ ಎರಡು ಹಣ್ಣು ಹೆಕ್ಕಿ ಬಾಯಿಗೆ ಹಾಕಿಕೊಂಡ ಮೇಲೆ ಗೊತ್ತಾಯಿತು, ಅದು ದೊಡ್ಡ ಹೋಟೆಲುಗಳಲ್ಲಿ ಸಲಾಡಿನ ಮೇಲೆ ಅಲಂಕಾರಕ್ಕೆ ಇಡುವ ಚೆರ್ರಿ ಟೊಮೆಟೊ ಎಂದು.

ನರ್ಸರಿಗೆ ಹೋಗಿ ಸ್ವಲ್ಪ ಖಾರವಾಗಿಯೇ ಕೇಳಿದೆ. ಅವರು ಸಿಟ್ಟು ಮಾಡಿಕೊಳ್ಳಲಿಲ್ಲ. ನಿಧಾನವಾಗಿ, "ಮೇಡಂ, ಹುಳಿ ಉಂಟಾ ಇಲ್ವಾ ಹೇಳಿ," ಎಂದರು.

ಹುಳಿ ಉಂಟು ಎಂದೆ.

"ಮತ್ತೆಂತ? ನೀವು ಅಷ್ಟು ಹೊತ್ತು ಹೇಳಿದ್ದು ಅಮ್ಮನ ವಿಷಯ. ಸೈಜ್ ಹೇಳಲೇ ಇಲ್ಲ."

ಹಿಂದಿರುಗಿ ಬರುವಾಗ ಯೋಚಿಸಿದೆ. ಅವರು ಹೇಳಿದ್ದು ಸರಿಯೇ ಇರಬೇಕು.

ಕಾಯಿಯೋ ಹಣ್ಣೋ

ಮರುವರ್ಷ ಹೀಗಾಗಬಾರದು ಎಂದು ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಹೇಳಿಟ್ಟೆ. ಇಂಗ್ಲಿಷ್ ಪಾಠ ಮಾಡುವ ನನ್ನ ಗೆಳತಿಯೊಬ್ಬಳು ಅವಳ ಅತ್ತೆಯ ಹತ್ತಿರ ಹಳೆಯ ಕಾಲದ ಬೀಜ ಉಂಟು ಎಂದು ಒಂದು ಪೊಟ್ಟಣ ತಂದುಕೊಟ್ಟಳು. ಪೊಟ್ಟಣ ಕೂಡ ಕಾಗದದ್ದೇ, ಮಡಚಿದ ರೀತಿಯೂ ಅಮ್ಮನದ್ದೇ. ನಾನು ಅದನ್ನು ಎರಡು ದಿನ ಬಿಚ್ಚಲೇ ಇಲ್ಲ, ಬ್ಯಾಗಿನಲ್ಲಿಟ್ಟುಕೊಂಡು ತಿರುಗಿದೆ.

ಈ ಸಲ ಕಾಯಿ ದೊಡ್ಡದೇ ಬಂತು. ಹಸಿರು ಬಣ್ಣ, ಮೈಮೇಲೆ ಸಣ್ಣ ಗೆರೆಗಳೂ ಇದ್ದವು. ಆದರೆ ಕಾಯಿ ಕೆಂಪಾಗಲಿಲ್ಲ. ಒಂದು ವಾರ ಕಾದೆ, ಎರಡು ವಾರ ಕಾದೆ. ಪೊಟ್ಯಾಶ್ ಕಡಿಮೆಯಾಗಿರಬೇಕು ಎಂದು ನಾನು ತೀರ್ಮಾನ ಮಾಡಿ ಬಾಳೆದಿಂಡಿನ ಬೂದಿ ಹಾಕಿದೆ. ಬಿಸಿಲು ಸಾಲುವುದಿಲ್ಲ ಎಂದು ಗಂಡ ಗಿಡದ ಚಟ್ಟಿಗಳನ್ನು ದಿನಕ್ಕೆ ಎರಡು ಸಲ ಜಾಗ ಬದಲಾಯಿಸಿದರು. ಅವರ ಸೊಂಟ ಹಿಡಿಯಿತು, ಕಾಯಿ ಹಸಿರಾಗಿಯೇ ಉಳಿಯಿತು. ಕೊನೆಗೆ ಬೇಸರ ಬಂದು ಎಲ್ಲವನ್ನೂ ಕೊಯ್ದು, ಕಾಯಿಯಾದರೂ ಚಟ್ನಿಗೆ ಆದೀತು ಎಂದು ಪಕ್ಕದ ಮನೆಯ ಅಮ್ಮನಿಗೆ ಕೊಟ್ಟೆ. ಅವರಿಗೆ ಎಪ್ಪತ್ತು ದಾಟಿದೆ, ಕಾಲೇಜು ಮೆಟ್ಟಿಲು ಹತ್ತಿದವರಲ್ಲ.

ಸಂಜೆ ಅವರು ಪಾತ್ರೆ ಹಿಂದೆ ಕೊಡಲಿಕ್ಕೆ ಬಂದರು. ಪಾತ್ರೆಯಲ್ಲಿ ಗೊಜ್ಜು ಇತ್ತು.

ನಾನು ಕೊಟ್ಟದ್ದು ಕಾಯಿಯಲ್ಲವಂತೆ. ಒಳಗೆ ಬೆಣ್ಣೆಯ ಹಾಗೆ ಕಳಿತು ಹೋಗಿತ್ತಂತೆ, ಇನ್ನೊಂದು ದಿನ ಇಟ್ಟಿದ್ದರೆ ಎಸೆಯಬೇಕಾಗುತ್ತಿತ್ತಂತೆ. ಹಣ್ಣಾದರೂ ಹಸಿರಾಗಿಯೇ ಉಳಿಯುವ ಜಾತಿ ಅದು. ಅವರು ಒಮ್ಮೆ ಹೆಬ್ಬೆರಳಿನಿಂದ ಒತ್ತಿ ನೋಡಿದ್ದಾರೆ, ಅಷ್ಟೇ. ನಾನು ಎರಡು ವಾರದಲ್ಲಿ ಒಂದು ಸಲವೂ ಮುಟ್ಟಿ ನೋಡಿರಲಿಲ್ಲ. ದೂರದಲ್ಲಿ ನಿಂತು ಬಣ್ಣ ನೋಡುತ್ತಿದ್ದೆ.

ಹೋಗುವಾಗ ಅವರು ಮೆಟ್ಟಿಲ ಹತ್ತಿರ ನಿಂತು ಕೇಳಿದರು, "ನೀವು ಕಾಲೇಜಿನಲ್ಲಿ ಎಂತ ಕಲಿಸುವುದು?"

ಸುಳ್ಳು ಹೇಳಲಿಕ್ಕೆ ಆಗಲಿಲ್ಲ. ಸಸ್ಯಶಾಸ್ತ್ರ, ಎಂದರೆ ಗಿಡಗಳ ವಿಷಯ ಎಂದೆ.

ಅವರು ನನ್ನನ್ನು ಸಮಾಧಾನ ಮಾಡಿದರು. "ಹಾಗಾದರೆ ತೊಂದರೆ ಇಲ್ಲ. ಹಣ್ಣಿನ ವಿಷಯ ಬೇರೆ ಟೀಚರು ಕಲಿಸ್ತಾರೇನೋ."

ಕೂಳೂರಿನ ಗಿಡ

ನಾಲ್ಕನೆಯ ವರ್ಷದ್ದನ್ನು ಹೇಳಲಿಕ್ಕೆ ನನಗೆ ಈಗಲೂ ಮುಜುಗರವಾಗುತ್ತದೆ.

ಒಂದು ಆದಿತ್ಯವಾರ ಸುರತ್ಕಲ್ ಕಡೆ ಒಂದು ಮದುವೆಗೆ ಹೋಗಿ ಬಸ್ಸಿನಲ್ಲಿ ಹಿಂದೆ ಬರುತ್ತಿದ್ದೆ. ಕೂಳೂರು ಬಂದಾಗ ಯಾಕೋ ಇಳಿದುಬಿಟ್ಟೆ. ಕಾಲು ತಾನಾಗಿ ನಮ್ಮ ಹಳೆಯ ಮನೆಯ ದಾರಿ ಹಿಡಿಯಿತು. ಆ ಮನೆಯನ್ನು ಕೊಂಡವರು ಗಲ್ಫಿನಲ್ಲಿ ದುಡಿದು ಊರಿಗೆ ಬಂದ ಕುಟುಂಬ. ಮನೆಯ ಹೆಂಗಸು ಗೇಟಿನಲ್ಲಿ ನನ್ನನ್ನು ನೋಡಿ ಗುರುತು ಹಿಡಿದು, ಒಳಗೆ ಕರೆದು, ಬೆಲ್ಲ ನೀರು ಕೊಟ್ಟು, ಹಿತ್ತಿಲನ್ನೂ ತೋರಿಸಿದಳು. ಬಾವಿಗೆ ಕಬ್ಬಿಣದ ಮುಚ್ಚಳ ಬಂದಿತ್ತು. ಅಮ್ಮನ ಟೊಮೆಟೊ ಸಾಲು ಇದ್ದ ಕಡೆ ಇಂಟರ್‌ಲಾಕ್ ಕಲ್ಲು ಹಾಸಿದ್ದರು.

ಆ ಇಂಟರ್‌ಲಾಕಿನ ಸಂದಿಯಲ್ಲಿ, ಬಾವಿಯ ಪಕ್ಕದಲ್ಲೇ, ಮೊಣಕಾಲೆತ್ತರದ ಒಂದು ಟೊಮೆಟೊ ಗಿಡ ನಿಂತಿತ್ತು.

ಟೊಮೆಟೊ ಬೀಜ ಕೆಲವು ವರ್ಷ ಬದುಕಿರುತ್ತದೆ ಎಂದು ಪಾಠ ಮಾಡಿದವಳು ನಾನೇ. ಅಮ್ಮನ ಕೈಯಿಂದ ಬಿದ್ದ ಒಂದು ಬೀಜ ಕಲ್ಲಿನ ಕೆಳಗೆ ಇಷ್ಟು ದಿನ ಮಲಗಿದ್ದು, ಈಗ ಎದ್ದಿರಬೇಕು. ಈ ಗಿಡ ನನಗೆ ಕೊಡುತ್ತೀರಾ ಎಂದು ಕೇಳುವಾಗ ಕಣ್ಣಲ್ಲಿ ನೀರು ತುಂಬಿತು. ಅವಳು ಏನೋ ಹೇಳಲಿಕ್ಕೆ ಬಾಯಿ ತೆರೆದು, ನನ್ನ ಮುಖ ನೋಡಿ, ಹೇಳದೆ ಒಳಗೆ ಹೋಗಿ ಕತ್ತಿ ತಂದಳು. ಇಬ್ಬರೂ ಸೇರಿ ಬೇರು ಹರಿಯದ ಹಾಗೆ ಗಿಡ ಎಬ್ಬಿಸಿದೆವು.

ಮದುವೆಯ ರೇಷ್ಮೆ ಸೀರೆಯಲ್ಲಿ, ಮಡಿಲಲ್ಲಿ ಮಣ್ಣಿನ ಸಮೇತ ಗಿಡ ಇಟ್ಟುಕೊಂಡು ಬಸ್ಸಿನಲ್ಲಿ ಬಂದೆ. ಪಕ್ಕದಲ್ಲಿದ್ದವರು ಗಿಡಕ್ಕೆ ಗಾಳಿ ತಾಗಲಿ ಎಂದು ಕಿಟಕಿ ಬದಿಯ ಸೀಟು ಬಿಟ್ಟುಕೊಟ್ಟರು. ಮೂರು ತಿಂಗಳು ಆ ಗಿಡವನ್ನು ಸಾಕಿದೆ. ಬೆಳಿಗ್ಗೆ ಕಾಲೇಜಿಗೆ ಹೊರಡುವ ಮೊದಲು ಅದರ ಹತ್ತಿರ ಎರಡು ಮಾತಾಡಿ ಹೋಗುತ್ತಿದ್ದೆ. ಗಂಡ ಕೇಳಿಯೂ ಕೇಳದವರ ಹಾಗೆ ಇದ್ದರು.

ಮೊದಲ ಹಣ್ಣು ಬಂತು. ಮೊಟ್ಟೆಯ ಆಕಾರ, ದಪ್ಪ ಸಿಪ್ಪೆ, ನೆಲಕ್ಕೆ ಹಾಕಿದರೆ ಪುಟಿಯಬಹುದಾದಷ್ಟು ಗಟ್ಟಿ. ಮಾರ್ಕೆಟ್ಟಿನಲ್ಲಿ ಕ್ರೇಟುಗಳಲ್ಲಿ ಬರುವ ಮಾಮೂಲು ಟೊಮೆಟೊ.

ಆ ಹೆಂಗಸಿಗೆ ಫೋನ್ ಮಾಡಿದೆ. ಅವಳು ನಿಟ್ಟುಸಿರು ಬಿಟ್ಟು ನಿಜ ಹೇಳಿದಳು. ಅವಳ ಅತ್ತೆಗೆ ಹಲ್ಲಿಲ್ಲ, ಟೊಮೆಟೊ ಬೀಜ ಬಾಯಿಗೆ ಆಗುವುದಿಲ್ಲ. ಹಾಗಾಗಿ ದಿನಾ ಅಂಗಡಿಯ ಟೊಮೆಟೊದ ಬೀಜ ತೆಗೆದು ಬಾವಿಯ ಹತ್ತಿರ ಚೆಲ್ಲುವುದು ಅವರ ಮನೆಯ ಪದ್ಧತಿ. ಆ ದಿನ ನಾನು ಅಳುವುದನ್ನು ನೋಡಿ ಅವಳಿಗೆ ಹೇಳಲಿಕ್ಕೆ ಮನಸ್ಸು ಬರಲಿಲ್ಲ.

ಪರವಾಗಿಲ್ಲ ಎಂದು ನಾನು ಫೋನ್ ಇಡುವಷ್ಟರಲ್ಲಿ ಅವಳೆಂದಳು, "ಅಕ್ಕ, ಬೇಜಾರು ಮಾಡಬೇಡಿ. ಪುರುಸೊತ್ತು ಆದಾಗ ಬನ್ನಿ. ಅಲ್ಲಿ ಈಗ ನಿಮ್ಮ ಅಮ್ಮನದ್ದು ಇನ್ನೂ ನಾಲ್ಕು ಗಿಡ ಎದ್ದಿದೆ."

ಪೂಜೆಯ ದಿನ

ಇದು ಈ ವರ್ಷದ್ದು. ನನ್ನ ಪಾಡು ನೋಡಲಾಗದೆ ಗಂಡನೇ ಮೊಬೈಲಿನಲ್ಲಿ ಹುಡುಕಿ ಎಲ್ಲಿಂದಲೋ ಬೀಜ ತರಿಸಿದರು. ಪ್ಯಾಕೆಟ್ಟಿನ ಚಿತ್ರದಲ್ಲಿದ್ದದ್ದು ಸಾಕ್ಷಾತ್ ಅಮ್ಮನ ಟೊಮೆಟೊ. ಗಿಡದಲ್ಲಿ ಬಂದದ್ದೂ ಅದೇ ಚಪ್ಪಟೆ ಆಕಾರ, ಅದೇ ಗೆರೆ. ಬಣ್ಣ ಮಾತ್ರ ಕಪ್ಪು. ನೇರಳೆಹಣ್ಣಿನಷ್ಟು ಕಪ್ಪು. ಗಂಡ ಹನ್ನೆರಡು ಹಣ್ಣು ಕೊಯ್ದು ಅಡುಗೆಮನೆಯ ಬುಟ್ಟಿಯಲ್ಲಿಟ್ಟರು. ನಾನು ಮೂರು ದಿನ ರುಚಿ ನೋಡಲಿಲ್ಲ. ಬಾಯಿಗಿಟ್ಟರೆ ಇದೂ ಅಲ್ಲ ಎಂದು ಗೊತ್ತಾಗುತ್ತದೆ, ಇಡದಿದ್ದರೆ ಇರಲೂಬಹುದಲ್ಲ ಎಂದು.

ನಾಲ್ಕನೆಯ ದಿನ ನಮ್ಮಲ್ಲಿ ಸತ್ಯನಾರಾಯಣ ಪೂಜೆ. ನನ್ನ ಅಣ್ಣ ದೇವಸ್ಥಾನದ ಅರ್ಚಕ. ನಮ್ಮ ಮನೆಯ ಪೂಜೆ ಅವನದ್ದೇ, ನೈವೇದ್ಯದ ಅಡುಗೆಯೂ ಅವನದ್ದೇ. ಮಡಿಯಲ್ಲಿ ಅಡುಗೆ ಮಾಡುವಾಗ ನಾವು ಯಾರೂ ಹತ್ತಿರ ಹೋಗುವ ಹಾಗಿಲ್ಲ. ನೈವೇದ್ಯದ ಅಡುಗೆಗೆ ಟೊಮೆಟೊವಂತೂ ಕೂಡದು. ಅಪ್ಪನ ಕಾಲದಲ್ಲಿ ನಮ್ಮ ಅಡುಗೆಮನೆಗೇ ಅದಕ್ಕೆ ಪ್ರವೇಶವಿರಲಿಲ್ಲ. ಅಮ್ಮ ಅದರ ಸಾರನ್ನು ಹೊರಗಿನ ಒಲೆಯಲ್ಲಿ ಮಾಡಿ ನಮಗೆ ಜಗಲಿಯಲ್ಲಿ ಬಡಿಸುತ್ತಿದ್ದರು. ಅಪ್ಪ ಒಳಗಿನಿಂದ, ಆ ಪರಿಮಳ ಎಂತದ್ದು ಎಂದು ವಾರಕ್ಕೊಮ್ಮೆ ಕೇಳುತ್ತಿದ್ದರು. ಅಮ್ಮ ಒಂದು ಲೋಟದಲ್ಲಿ ಒಳಗೆ ಕಳಿಸುತ್ತಿದ್ದರು. ಅಪ್ಪ ಹೆಸರು ಕೇಳದೆ ಕುಡಿದು ಲೋಟ ತೊಳೆದಿಡುತ್ತಿದ್ದರು.

ಅಣ್ಣ ಬೆಳಿಗ್ಗೆ ಬೇಗ ಸ್ನಾನ ಮಾಡಿ, ಕನ್ನಡಕ ತೆಗೆದಿಟ್ಟು, ಸಾಂಬಾರಿಗೆ ಬದನೆ ಹೆಚ್ಚಲು ಮೆಟ್ಟುಕತ್ತಿಯ ಮಣೆಯ ಮೇಲೆ ಕೂತ. ಬದನೆ ಇದ್ದದ್ದೂ ಅದೇ ಬುಟ್ಟಿಯಲ್ಲಿ. ಅವನು ಒಂದು ಹೆಚ್ಚಿದ, ಎರಡು ಹೆಚ್ಚಿದ. ಮೂರನೆಯದನ್ನು ಕತ್ತಿಗೆ ಒತ್ತಿದಾಗ ಕೆಂಪು ರಸ ಚಿಮ್ಮಿ ಅವನ ಮುಖಕ್ಕೂ ಬಿಳಿ ಪಂಚೆಗೂ ಹಾರಿತು.

ಬಾಗಿಲಲ್ಲಿ ನಿಂತಿದ್ದ ನನಗೆ, ಕೈ ಕೊಯ್ದುಕೊಂಡ ಎಂದು ಗಾಬರಿಯಾಯಿತು. ಅಣ್ಣ ಅಲುಗಾಡದೆ ಕೂತಿದ್ದ. ಆಮೇಲೆ ಬೆರಳುಗಳನ್ನು ಮೂಗಿನ ಹತ್ತಿರ ತಂದು ಹಾಗೇ ಇಟ್ಟುಕೊಂಡ. ಅವನ ಕಣ್ಣು ತುಂಬಿತು. ಅಮ್ಮ ತೀರಿಹೋದ ದಿನವೂ ಅವನು ನನ್ನ ಎದುರು ಅತ್ತಿರಲಿಲ್ಲ.

"ಇದೆಲ್ಲಿಂದ ಸಿಕ್ಕಿತು?" ಎಂದ ಕೊನೆಗೆ.

ಹೇಳಿದೆ. ಆರು ವರ್ಷದ್ದನ್ನೂ ಹೇಳಿದೆ. ದ್ರಾಕ್ಷಿಯಷ್ಟು ಬಂದದ್ದು, ಹಸಿರಾಗಿ ಉಳಿದದ್ದು, ಬಸ್ಸಿನಲ್ಲಿ ಗಿಡ ತಂದದ್ದು, ಎಲ್ಲ. ಅವನು ನಗಲಿಲ್ಲ. ತಾನೂ ದೇವಸ್ಥಾನದ ಹಿಂದೆ ಮೂರು ವರ್ಷದಿಂದ ಯಾರಿಗೂ ಹೇಳದೆ ಗಿಡ ಹಾಕಿ ಹುಡುಕುತ್ತಿದ್ದೇನೆ ಎಂದ. ಅವನಿಗೆ ಬಂದದ್ದು ಒಮ್ಮೆ ಹಳದಿ, ಒಮ್ಮೆ ಉದ್ದ, ಒಮ್ಮೆ ಏನೂ ಇಲ್ಲ.

ಮತ್ತೆ ಸ್ನಾನ ಮಾಡಿದ, ಕತ್ತಿ ತೊಳೆಸಿದ, ಬೇರೆ ಪಂಚೆ ಉಟ್ಟ. ಪೂಜೆ ಸಾಂಗವಾಗಿ ನಡೆಯಿತು. ಆದರೆ ಕಥೆಯ ಐದು ಅಧ್ಯಾಯಗಳನ್ನು ಅವನು ಅಷ್ಟು ಬೇಗ ಓದಿದ್ದನ್ನು ನಾನು ಹಿಂದೆಂದೂ ಕೇಳಿಲ್ಲ. ಮಂಗಳಾರತಿ ಮುಗಿದು, ನೆಂಟರೆಲ್ಲ ಊಟ ಮಾಡಿ ಹೋದ ಮೇಲೆ ಅಡುಗೆಮನೆಯ ಬಾಗಿಲಿಗೆ ಬಂದು ನಿಂತ. ದೇವರದ್ದೆಲ್ಲ ಆಯಿತಲ್ಲ, ಇನ್ನು ನಮಗೆ ಮಾಡಬಹುದು ಎಂದ.

ಉಳಿದ ಹನ್ನೊಂದು ಹಣ್ಣನ್ನೂ ಹಾಕಿ, ಹುಣಸೆ ಹಾಕದೆ, ಅಮ್ಮ ಮಾಡುತ್ತಿದ್ದ ಹಾಗೆ ಸಾರು ಮಾಡಿದೆ. ಬಣ್ಣ ಕೆಸರು ನೀರಿನ ಹಾಗೆ ಬಂತು. ಅಣ್ಣ ಒಂದು ಬಟ್ಟಲು ಹಿಡಿದುಕೊಂಡು ನೆಲದಲ್ಲಿ ಕೂತ. ನಾನು ಒಂದು ಸೌಟು ಹಾಕಿದೆ. ಅವನು ಕಣ್ಣು ಮುಚ್ಚಿ ಕುಡಿದ. ಒಂದು ಕಣ್ಣಲ್ಲ, ಎರಡೂ ಕಣ್ಣು. ನಾನೂ ಗಂಡನೂ ಅವನ ಮುಖವನ್ನೇ ನೋಡುತ್ತ ನಿಂತೆವು.

"ಅಲ್ಲ," ಎಂದ ಅಣ್ಣ.

ನನಗೆ ಗೊತ್ತಿತ್ತು. ಆದರೂ ಕೈಯಲ್ಲಿದ್ದ ಸೌಟು ಭಾರವಾಯಿತು. ಗಂಡ ನನ್ನ ಹೆಗಲಿಗೆ ಕೈ ಹಾಕಿ, ಬರುವ ವರ್ಷ ಬೇರೆ ಕಡೆಯಿಂದ ತರಿಸುವ ಎಂದರು. ಅಷ್ಟರಲ್ಲಿ ಅಣ್ಣ ಬಟ್ಟಲನ್ನು ಮತ್ತೆ ಮುಂದೆ ಹಿಡಿದ.

"ಇನ್ನೊಂದು ಸೌಟು ಹಾಕು. ಒಂದೇ ಸಲ ಕುಡಿದು ಅಲ್ಲ ಅಂತ ಖಂಡಿತ ಹೇಗೆ ಹೇಳುವುದು?"

ಹಾಕಿದೆ. ಕುಡಿದು ಅಲ್ಲ ಎಂದ. ಮೂರನೆಯದಕ್ಕೂ ಅಲ್ಲ ಎಂದ. ನಾಲ್ಕನೆಯದಕ್ಕೆ ಸ್ವಲ್ಪ ಅನುಮಾನ ಉಂಟು ಎಂದ. ಆಗ ನಾನೂ ಒಂದು ಬಟ್ಟಲು ತಂದು ಅವನ ಪಕ್ಕದಲ್ಲಿ ನೆಲಕ್ಕೆ ಕೂತೆ. ಅನುಮಾನ ಪರಿಹಾರವಾಗುವ ಹೊತ್ತಿಗೆ ಪಾತ್ರೆಯ ತಳ ಕಾಣುತ್ತಿತ್ತು. ಗಂಡ ತಟ್ಟೆ ಹಿಡಿದುಕೊಂಡು ಬಂದವರು ಪಾತ್ರೆಯೊಳಗೆ ಬಗ್ಗಿ ನೋಡಿದರು. ಹಾಗಾದರೆ ಅದು ಅಮ್ಮನದ್ದು ಹೌದೋ ಅಲ್ಲವೋ ಎಂದು ಕೇಳಿದರು.

ಅಣ್ಣ ಬಟ್ಟಲಿನ ಕೊನೆಯ ಹನಿಯನ್ನು ಬಾಯಿಗೆ ಬಿಟ್ಟುಕೊಂಡು ಹೇಳಿದ, "ಅಲ್ಲವೇ ಅಲ್ಲ ಭಾವ. ನಿಮಗೆ ಉಳಿಸಿ ಪ್ರಯೋಜನ ಇರಲಿಲ್ಲ."